ಮಕ್ಕಳ ಜೊತೆ ಡಾಲಸ್‌ಗೆ ಬರೋದಾ ಬೇಡ್ವಾ, ಗನ್ ಭಯ ಅಂತ ಕೇಳಿದ ತಂಗಿಗೆ

ಮೊನ್ನೆ ನಮ್ ಕನ್ನಡದೋರ ಈ ಗುಂಪಲ್ಲಿ ಒಬ್ಬ ತಂಗಿ ಕೇಳಿದ್ರಲ್ಲ, ಯಜಮಾನ್ರಿಗೆ ಅಮೆರಿಕದ ಟೆಕ್ಸಾಸ್‌ನ ಡಾಲಸ್ ಆಫೀಸಿಗೆ ಟ್ರಾನ್ಸ್‌ಫರ್ ಆಗಿದೆ, ಮಕ್ಕಳು ಎರಡನೇ ಕ್ಲಾಸು ಆರನೇ ಕ್ಲಾಸು, ಸ್ಕೂಲ್ ಶೂಟಿಂಗ್ ಸುದ್ದಿ ನೋಡಿ ನೋಡಿ ರಾತ್ರಿ ನಿದ್ದೆ ಬರ್ತಿಲ್ಲ, ಏನ್ ಮಾಡ್ಲಿ ಅಂತ. ಅರ್ಧ ಜನ "ಏನೂ ಆಗಲ್ಲ ಬನ್ನಿ, ನಮ್ ಸಬರ್ಬ್ ಸೇಫು" ಅಂದ್ರು, ಇನ್ನರ್ಧ "ಸುಮ್ನೆ ಬೆಂಗಳೂರಲ್ಲೇ ಇರಿ" ಅಂದ್ರು, ಕೊನೇಲಿ ಯಾರೋ "ಇಲ್ಲಿ ರಾಜಕೀಯ ಬೇಡ" ಅಂದ್ಬಿಟ್ರು, ಅಲ್ಲಿಗೆ ಎಲ್ರೂ ಗಪ್‌ಚುಪ್. ನಂಗೆ ಗಪ್‌ಚುಪ್ ಇರಕ್ಕೆ ಆಗ್ತಿಲ್ಲ, ಯಾಕಂದ್ರೆ ಆ ತಂಗಿ ಕೇಳಿದ್ದು ಮಕ್ಕಳ ವಿಷಯ, ಅದಕ್ಕೆ ಉತ್ತರ ಹೇಳೋಕೆ ಹೋದ್ರೆ ರಾಜಕೀಯ ಬಂದೇ ಬರತ್ತೆ. ಸ್ವಲ್ಪ ಉದ್ದ ಆಗತ್ತೆ, ಓದಿ.

ಮೊದ್ಲು ನನ್ ಬಗ್ಗೆ ಹೇಳ್ಬಿಡ್ತೀನಿ. ನಾನು ಕೊಪ್ಪದ ಕಡೆಯೋಳು, ಇಲ್ಲಿ ಡಾಲಸ್ ಉತ್ತರಕ್ಕೆ ಬಂದು ಹದಿಮೂರು ವರ್ಷ ಆಯ್ತು. ಗನ್ ಅಂದ್ರೇನೇ ಗೊತ್ತಿಲ್ಲದೆ ಹೆದರ್ಕೊಳೋಳಲ್ಲ ನಾನು, ನಮ್ಮನೇಲಿ ಕೋವಿ ಇತ್ತು, ಈಗ್ಲೂ ಇದೆ, ಅಜ್ಜನ ಕಾಲದ ಒಂಟಿ ನಳಿಗೆದು. ಅಡಿಕೆ ತೋಟಕ್ಕೆ ಮಂಗ, ಗದ್ದೆಗೆ ಹಂದಿ, ಕೋವಿ ಇಲ್ದೆ ಮಲೆನಾಡಲ್ಲಿ ಬೇಸಾಯ ಕಷ್ಟ ಅಂತ ಅಲ್ಲಿಯೋರಿಗೆ ಗೊತ್ತು. ಅಜ್ಜ ಹೋದ್ಮೇಲೆ ಲೈಸೆನ್ಸು ಅಪ್ಪಯ್ಯನ ಹೆಸರಿಗೆ ಆಗಬೇಕಿದ್ರೆ ಪೊಲೀಸ್ ರಿಪೋರ್ಟು, ಡಿಸಿ ಆಫೀಸು, ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ಅಂತ ಎಷ್ಟು ಓಡಾಡಿದ್ರೋ ಲೆಕ್ಕ ಇಲ್ಲ. ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ ಬೀರು ಒಳಗೆ, ಬೀಗದಕೈ ಅಮ್ಮನ ಸೊಂಟದಲ್ಲಿ. ಆಯುಧಪೂಜೆ ದಿವ್ಸ ಕುಂಕುಮ ಹಚ್ಚೋಕೆ ಬಿಟ್ರೆ ನಾವು ಮಕ್ಕಳು ಅದನ್ನ ಮುಟ್ಟೋ ಹಾಗಿರ್ಲಿಲ್ಲ. ಈ ಗುಂಪಲ್ಲಿ ಕೊಡಗಿನವರೂ ಇದ್ದೀರಿ, ನಿಮಗಂತೂ ಲೈಸೆನ್ಸ್ ವಿನಾಯಿತಿನೇ ಇದೆ, ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡ್ತೀರಿ, ಅದನ್ನ ಎಷ್ಟು ಮರ್ಯಾದೆಯಿಂದ ಇಟ್ಕೊಳ್ತೀರಿ ಅಂತ ನಾನು ಹೇಳಬೇಕಾಗಿಲ್ಲ. ಅದಕ್ಕೇ ಟೆಕ್ಸಾಸ್‌ನ ಹಳ್ಳಿ ರೈತ ಒಬ್ಬ ನನ್ ಜಮೀನಿಗೆ ಹಂದಿ ಬರತ್ತೆ ನಂಗೆ ರೈಫಲ್ ಬೇಕು ಅಂದ್ರೆ ನಂಗೆ ಪೂರ್ತಿ ಅರ್ಥ ಆಗತ್ತೆ.

ಈಗ 2023ರ ಮೇ 6, ಶನಿವಾರ. ಒಬ್ರ ಮನೇಲಿ ಸಂಘದ ಕಾರ್ಯಕ್ರಮಕ್ಕೆ ಮಕ್ಕಳಿಗೆ ಕೋಲಾಟ ಪ್ರಾಕ್ಟೀಸ್ ಮಾಡಿಸ್ತಿದ್ವಿ, ಮೂರೂವರೆ ದಾಟಿತ್ತು, ಒಬ್ರ ಫೋನ್ ಬಡ್ಕೊಳ್ತು, ಆಮೇಲೆ ಇನ್ನೊಬ್ರದ್ದು, ಆಮೇಲೆ ಎಲ್ಲಾರದ್ದೂ. ಡಾಲಸ್ ಉತ್ತರದ ಆಲನ್ ಊರಿನ ಔಟ್‌ಲೆಟ್ ಮಾಲ್‌ನಲ್ಲಿ ಶೂಟಿಂಗ್. ನಮ್ಮೋರು ಊರಿಂದ ಅಪ್ಪ ಅಮ್ಮ ಬಂದ್ರೆ ಮೊದ್ಲು ಕರ್ಕೊಂಡು ಹೋಗೋ ಜಾಗ ಅದು. ಎಂಟು ಜನ ಹೋದ್ರು. ಅದರಲ್ಲಿ ಮೂರು ಮಕ್ಕಳು, ಒಂದು ಮಗು ಅಪ್ಪ ಅಮ್ಮನ ಜೊತೆನೇ ಹೋಯ್ತು, ಅದರ ಅಣ್ಣ ಒಬ್ಬನೇ ಉಳಿದ. ಹೈದರಾಬಾದ್ ಕಡೆಯ ಇಂಜಿನಿಯರ್ ಹುಡುಗಿ ಒಬ್ಳು, ನಮ್ ಹಾಗೇ ಇಲ್ಲಿ ಓದಿ ಕೆಲಸಕ್ಕೆ ಸೇರಿದ್ದೋಳು. ಆ ಸಂಜೆ ನಾವು ಮಾಡಿದ್ದು ಒಂದೇ ಕೆಲಸ, ಲಿಸ್ಟ್ ಇಟ್ಕೊಂಡು ಒಂದೊಂದೇ ಮನೆಗೆ ಫೋನ್ ಮಾಡಿ "ಎಲ್ಲಿದೀರಿ, ಎಲ್ರೂ ಮನೇಲಿದೀರಾ" ಅಂತ ಕೇಳಿದ್ದು.

ರಾತ್ರಿ ಊರಿಗೆ ಮಾಡ್ದೆ, ಅಲ್ಲಿ ಭಾನುವಾರ ಬೆಳಿಗ್ಗೆ. ಅಪ್ಪಯ್ಯ ಎಲ್ಲಾ ಕೇಳಿಸ್ಕೊಂಡು ಕೊನೇಲಿ ಕೇಳಿದ್ದು, "ಅವನಿಗೆ ಲೈಸೆನ್ಸ್ ಕೊಟ್ಟೋರು ಯಾರು ಮಗಾ?" ನಾನಂದೆ ಇಲ್ಲಿ ಲೈಸೆನ್ಸ್ ಅಂತ ಇಲ್ಲ ಅಪ್ಪಯ್ಯ, ಅಂಗಡಿಯೋರು ಕಂಪ್ಯೂಟರ್‌ನಲ್ಲಿ ಒಂದು ಚೆಕ್ ಮಾಡ್ತಾರೆ, ಮನುಷ್ಯರು ಮನುಷ್ಯರಿಗೆ ಮಾರ್ಕೊಂಡ್ರೆ ಅದೂ ಇಲ್ಲ, 2021ರ ಸೆಪ್ಟೆಂಬರ್‌ನಿಂದ ಟೆಕ್ಸಾಸ್‌ನಲ್ಲಿ ಸೊಂಟಕ್ಕೆ ಪಿಸ್ತೂಲ್ ಸಿಕ್ಕಿಸ್ಕೊಂಡು ಓಡಾಡಕ್ಕೂ ಪರ್ಮಿಟ್ ಬೇಡ ಅಂತ ಮಾಡಿದಾರೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದ್ರು, "ನಮ್ ಕೋವಿ ಠಾಣೆಲಿದೆ, ಎಲೆಕ್ಷನ್ ಅಲ್ವಾ." ಆಗ ನೆನಪಾಯ್ತು ನಂಗೆ, ಕರ್ನಾಟಕದ ಓಟು ಮೇ 10ಕ್ಕೆ, ನೀತಿ ಸಂಹಿತೆ ಬಂದ ಕೂಡಲೇ ಕೋವಿ ಒಪ್ಪಿಸಿ ರಸೀತಿ ತಗೊಂಡು ಬಂದಿದ್ರು. ಎಪ್ಪತ್ತು ದಾಟಿದ ಅಡಿಕೆ ಬೆಳೆಗಾರ, ಒಂದು ಕೇಸಿಲ್ಲ ಗಲಾಟೆ ಇಲ್ಲ, ಆ ಮುದುಕನ ಕೋವಿ ಠಾಣೆಲಿ. ಇಲ್ಲಿ ಆರ್ಮಿ ಟ್ರೈನಿಂಗ್‌ನಿಂದ ಮಾನಸಿಕ ಕಾರಣಕ್ಕೆ ಮನೆಗೆ ಕಳ್ಸಿದ್ದವನ ಹತ್ರ ಎಂಟು ಗನ್, ಎಲ್ಲಾ ಕಾನೂನು ಪ್ರಕಾರನೇ ತಗೊಂಡಿದ್ದು ಅಂತ ಅಧಿಕಾರಿಗಳೇ ಹೇಳಿದ್ರು. ಊರಲ್ಲಿ ಪ್ರತಿ ಎಲೆಕ್ಷನ್‌ಗೂ ಈ ಕೋವಿ ಒಪ್ಪಿಸೋ ಕಾಟದ ಬಗ್ಗೆ ಬೈಕೊಳ್ತಿದ್ದ ಅಪ್ಪಯ್ಯ ಅವತ್ತು ಬೈಲಿಲ್ಲ.

ಅದಾಗಿ ಎರಡು ದಿನಕ್ಕೆ, ಮೇ 8, ಸೋಮವಾರ, ಟೆಕ್ಸಾಸ್ ರಾಜಧಾನಿ ಆಸ್ಟಿನ್‌ನಲ್ಲಿ ಏನಾಯ್ತು ಅಂತ ನಮ್ಮೋರಲ್ಲಿ ಎಷ್ಟು ಜನಕ್ಕೆ ಗೊತ್ತು? ಅದಕ್ಕೆ ಒಂದು ವರ್ಷ ಹಿಂದೆ, 2022ರ ಮೇ 24ಕ್ಕೆ, ಟೆಕ್ಸಾಸ್‌ನದ್ದೇ ಯುವಾಲ್ಡಿ ಊರಿನ ರಾಬ್ ಎಲಿಮೆಂಟರಿ ಸ್ಕೂಲಲ್ಲಿ 19 ಮಕ್ಕಳು 2 ಟೀಚರ್ಸ್ ಸತ್ರಲ್ಲ, ಕೊಂದವನಿಗೆ 18 ತುಂಬಿ ಒಂದು ವಾರದೊಳಗೆ ಎರಡು ರೈಫಲ್ ತಗೊಂಡಿದ್ದ. ಇಲ್ಲಿ ಬಿಯರ್ ತಗೋಬೇಕಿದ್ರೆ 21, ಅಂಗಡಿಲಿ ಪಿಸ್ತೂಲ್ ತಗೋಬೇಕಿದ್ರೂ ಆಗ 21 ಆಗಿರಬೇಕಿತ್ತು, ಆದ್ರೆ ಮಿಲಿಟರಿ ರೈಫಲ್ ಹಾಗೆ ಕಾಣೋ ಆ ಎಆರ್ ಥರದ ರೈಫಲ್‌ಗೆ 18 ಸಾಕು. ಅದನ್ನ 21 ಮಾಡಿ ಅಂತ ಮಕ್ಕಳನ್ನ ಕಳ್ಕೊಂಡ ತಂದೆ ತಾಯಿ ತಿಂಗಳುಗಟ್ಟಲೆ ಆಸ್ಟಿನ್‌ಗೆ ಅಲೆದ್ರು, ಮಗು ಫೋಟೋ ಹಿಡ್ಕೊಂಡು ಮಧ್ಯರಾತ್ರಿ ತನಕ ಕಾದು ಸಾಕ್ಷಿ ಹೇಳಿದ್ರು. ಆಲನ್ ಆದ್ಮೇಲೆ, ಆ ಸೋಮವಾರ, ಆ ಬಿಲ್ ಟೆಕ್ಸಾಸ್ ಸದನದ ಕಮಿಟಿಲಿ 8-5ಕ್ಕೆ ಪಾಸಾಯ್ತು, ಇಬ್ಬರು ರಿಪಬ್ಲಿಕನ್ನರೂ ಓಟ್ ಹಾಕಿದ್ರು, ಆ ತಾಯಂದಿರು ಅಲ್ಲೇ ತಬ್ಕೊಂಡು ಅತ್ರು. ಮಾರನೇ ದಿನ ಸದನದ ಪಟ್ಟಿಗೆ ಹಾಕೋ ಗಡುವು ಮುಗೀತು, ಬಿಲ್ ಅಲ್ಲೇ ಸತ್ತೋಯ್ತು. ಓಟಿಗೆ ಬಂದು ಸೋತಿದ್ರೆ ಯಾರು ಪರ ಯಾರು ವಿರೋಧ ಅಂತಾದ್ರೂ ಗೊತ್ತಾಗ್ತಿತ್ತು, ಅದೂ ಆಗ್ಲಿಲ್ಲ.

"ಗನ್ ಅಲ್ಲ, ಮೆಂಟಲ್ ಹೆಲ್ತ್ ಪ್ರಾಬ್ಲಂ" ಅಂತ ತಂಗಿ ಪ್ರಶ್ನೆಗೆ ಒಬ್ರು ಬರ್ದಿದ್ರು, ಟೆಕ್ಸಾಸ್ ಗವರ್ನರ್ ಅಬಟ್ ಕೂಡ ಅದನ್ನೇ ಹೇಳಿದ್ದು. ಸರಿ, ಒಪ್ಪೋಣ. ಹಾಗಿದ್ರೆ ತಲೆ ಸರಿ ಇಲ್ದೆ ಬೆದರಿಕೆ ಹಾಕ್ತಿರೋವನ ಕೈಯಿಂದ ಕೋರ್ಟ್ ಆರ್ಡರ್ ಮೇಲೆ ತಾತ್ಕಾಲಿಕವಾಗಿ ಗನ್ ತಗೊಳೋ ಕಾನೂನು ಬೇಕಲ್ವಾ, ಇಲ್ಲಿ ಅದಕ್ಕೆ ರೆಡ್ ಫ್ಲ್ಯಾಗ್ ಅಂತಾರೆ. ಫ್ಲೋರಿಡಾ ಮಾಡ್ತು, 2018ರ ಫೆಬ್ರವರಿಲಿ ಪಾರ್ಕ್‌ಲ್ಯಾಂಡ್ ಹೈಸ್ಕೂಲಲ್ಲಿ 17 ಜನ ಸತ್ತು ಮೂರು ವಾರದಲ್ಲಿ, ರಿಪಬ್ಲಿಕನ್ ಗವರ್ನರ್ರೇ ಸಹಿ ಹಾಕಿದ್ದು, ವಯಸ್ಸನ್ನೂ 21 ಮಾಡಿದ್ರು. ಟೆಕ್ಸಾಸ್ 2025ರಲ್ಲಿ ಏನ್ ಮಾಡ್ತು ಅಂದ್ರೆ ಅಂಥ ಆರ್ಡರ್‌ಗಳು ಈ ರಾಜ್ಯದಲ್ಲಿ ನಡೆಯೋ ಹಾಗೇ ಇಲ್ಲ ಅಂತ ಉಲ್ಟಾ ಕಾನೂನು ಮಾಡ್ತು. ಕಾಯಿಲೆ ಅಂತ ಹೇಳಿ ಔಷಧಿಗೇ ಬೀಗ ಹಾಕಿದ್ರೆ ಆ ಮಾತನ್ನ ನಾನು ಹೇಗೆ ನಂಬ್ಲಿ ಹೇಳಿ.

ಇನ್ನು "ಒಳ್ಳೆಯವರ ಕೈಲಿ ಗನ್ ಇದ್ರೆ ತಡೀಬಹುದು" ಅನ್ನೋದು. ಆಲನ್‌ನಲ್ಲಿ ತಡೆದಿದ್ದು ಬೇರೆ ಯಾವುದೋ ಕಾಲ್‌ಗೆ ಅಲ್ಲಿಗೆ ಬಂದಿದ್ದ ಒಬ್ಬ ಪೊಲೀಸ್, ಸದ್ದು ಬಂದ ಕಡೆಗೇ ಓಡಿ ಕೆಲವೇ ನಿಮಿಷದಲ್ಲಿ ಅವನನ್ನ ಹೊಡೆದು ಹಾಕಿದ್ರು, ಅವರಿಗೆ ಕೈ ಮುಗೀಬೇಕು, ಅಷ್ಟರೊಳಗೇ ಎಂಟು ಜೀವ. ಯುವಾಲ್ಡಿಲಿ 376 ಅಧಿಕಾರಿಗಳು ಬಂದ್ರು, 77 ನಿಮಿಷ ಹೊರಗಡೆ ನಿಂತ್ರು, ಒಳಗಡೆಯಿಂದ ಮಕ್ಕಳು ಇಲ್ಲಿನ ತುರ್ತು ನಂಬರ್ 911ಗೆ ಫೋನ್ ಮಾಡ್ತಿದ್ರು.

ಏನೂ ಬದಲಾಗಲ್ಲ ಅನ್ನೋರಿಗೂ ಒಂದು ಮಾತು. 2012ರಲ್ಲಿ ಸ್ಯಾಂಡಿ ಹುಕ್ ಸ್ಕೂಲಲ್ಲಿ 20 ಪುಟ್ಟ ಮಕ್ಕಳು ಹೋದಾಗಲೂ ಅಮೆರಿಕದ ಸೆನೆಟ್‌ನಲ್ಲಿ ಬ್ಯಾಕ್‌ಗ್ರೌಂಡ್ ಚೆಕ್, ಅಂದ್ರೆ ಗನ್ ಕೊಳ್ಳೋರ ಹಿನ್ನೆಲೆ ನೋಡೋ ಬಿಲ್‌ಗೆ 54 ಓಟ್ ಬಿತ್ತು, 60 ಬೇಕಿತ್ತು, ಬಿದ್ದೋಯ್ತು. ಆದ್ರೆ ಯುವಾಲ್ಡಿ ಆಗಿ ಒಂದು ತಿಂಗಳಲ್ಲಿ, 2022ರ ಜೂನ್ 25ಕ್ಕೆ, ಬೈಡನ್ ಒಂದು ಕಾನೂನಿಗೆ ಸಹಿ ಹಾಕಿದ್ರು, ಸುಮಾರು ಮೂವತ್ತು ವರ್ಷದಲ್ಲಿ ಮೊದಲನೇ ದೊಡ್ಡದು, 21ರೊಳಗಿನವರು ಕೊಂಡ್ರೆ ಹೆಚ್ಚಿನ ಚೆಕ್ ಮಾಡಬೇಕು ಅಂತ ಅದರಲ್ಲಿದೆ. ಅದಕ್ಕೆ ಕೂತು ಮಾತಾಡಿದ್ದು ಕನೆಕ್ಟಿಕಟ್‌ನ ಡೆಮಾಕ್ರಟ್ ಮರ್ಫಿ, ಜೊತೆಗೆ ನಮ್ಮ ಟೆಕ್ಸಾಸ್‌ನ ರಿಪಬ್ಲಿಕನ್ ಕಾರ್ನಿನ್. ಆ ತಪ್ಪಿಗೆ ಹ್ಯೂಸ್ಟನ್‌ನಲ್ಲಿ ಸ್ವಂತ ಪಾರ್ಟಿ ಸಮಾವೇಶದಲ್ಲೇ ಕಾರ್ನಿನ್‌ಗೆ ಬೂ ಅಂತ ಕೂಗಿದ್ರು. ಕೂಗಿದೋರು ಬಂದಿದ್ರು, ಬೇಕು ಅನ್ನೋ ನಾವು ಬಂದಿರ್ಲಿಲ್ಲ, ಅಷ್ಟೇ ವ್ಯತ್ಯಾಸ. ಸಿಟಿಜನ್ ಆದವ್ರು ನವೆಂಬರ್‌ನಲ್ಲಿ ಮಾತ್ರ ಅಲ್ಲ ಮಾರ್ಚ್‌ನ ಪ್ರೈಮರಿಗೂ, ಅಂದ್ರೆ ಪಾರ್ಟಿ ಅಭ್ಯರ್ಥಿ ಆರಿಸೋ ಓಟಿಗೂ ಹೋಗಿ, ಇಲ್ಲಿ ಎಷ್ಟೋ ಸೀಟ್ ಅಲ್ಲೇ ತೀರ್ಮಾನ ಆಗೋದು. ವೀಸಾದಲ್ಲಿರೋರಿಗೆ ಓಟಿಲ್ಲ, ನಿಜ, ಆದ್ರೆ ಸ್ಕೂಲ್ ಬೋರ್ಡ್ ಮೀಟಿಂಗ್‌ಗೆ ಹೋಗಿ ಮಾತಾಡಬಹುದಲ್ಲ.

ಈಗ ತಂಗಿ, ನಿಮಗೆ ನೇರವಾಗಿ. ನೀವು ಟಿವಿಲಿ ನೋಡೋದು ಸ್ಕೂಲ್ ಶೂಟಿಂಗ್, ಆದ್ರೆ ಈ ದೇಶದಲ್ಲಿ ಗನ್‌ನಿಂದ ಆಗೋ ಸಾವಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆ. ಅದು ಮನೆಯೊಳಗಿನ ಗನ್. ನಮ್ಮೋರ ಮನೇಲಿ ಚಿನ್ನ ಇರತ್ತೆ ಅಂತ ಕಳ್ಳತನ ಆಗ್ತಿರತ್ತೆ, ಅದಕ್ಕೆ ಹೆದರಿ ನಮ್ಮೋರೇ ಗನ್ ತಗೋತಿದ್ದಾರೆ, ಗ್ರೀನ್ ಕಾರ್ಡ್ ಬಂದ ತಿಂಗಳಿಗೇ ತಗೊಂಡೋರನ್ನ ನಾನು ಬಲ್ಲೆ, ಹಾಸಿಗೆ ಪಕ್ಕದ ಡ್ರಾಯರ್‌ನಲ್ಲಿ ಲೋಡ್ ಮಾಡಿಟ್ಟು ಮೇಲೆ ಕರ್ಚೀಫ್ ಮುಚ್ಚಿದ್ರು. ಅದೇ ಮನೇಲಿ ಹೈಸ್ಕೂಲ್ ಹುಡುಗ, ಮಾರ್ಕ್ಸು, ಕಾಲೇಜು ಅಂತ ದಿನಾ ಬೈಸ್ಕೊಳ್ತಿರೋನು. ನಾನು ಜಗಳ ಆಡಿಯೇ ಬೀಗದ ಪೆಟ್ಟಿಗೆ ತರಿಸಿದೆ. ಹದಿನೇಳರೊಳಗಿನ ಮಕ್ಕಳ ಕೈಗೆ ಲೋಡೆಡ್ ಗನ್ ಸಿಗೋ ಹಾಗೆ ಬಿಟ್ರೆ ಟೆಕ್ಸಾಸ್‌ನಲ್ಲೂ ಅಪರಾಧ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಎಷ್ಟೋ ಪೊಲೀಸ್ ಸ್ಟೇಷನ್‌ಗಳಲ್ಲಿ ಗನ್‌ಗೆ ಹಾಕೋ ಕೇಬಲ್ ಲಾಕ್ ಫ್ರೀಯಾಗಿ ಕೊಡ್ತಾರೆ.

ಮಗು ಯಾರ ಮನೆಗಾದ್ರೂ ಆಡೋಕೆ ಹೋಗೋ ಮುಂಚೆ ಕೇಳಿ, "ನಮ್ಮ ಮಗುಗೆ ಕಡಲೆಬೀಜ ಆಗಲ್ಲ, ನಾಯಿ ಅಂದ್ರೆ ಭಯ, ಮತ್ತೆ ನಿಮ್ಮನೇಲಿ ಗನ್ ಇದ್ರೆ ಬೀಗ ಹಾಕಿದೆಯಾ?" ಅಂತ. ಮೊದಲನೇ ಸಲ ನಂಗೆ ನಾಲಿಗೆ ಹೊರಳಲಿಲ್ಲ, ಮನೆ ಮುಂದೆ ದೊಡ್ಡ ಪಿಕಪ್ ಟ್ರಕ್ ನಿಲ್ಸಿದ್ದ ಬಿಳಿ ಕುಟುಂಬ, ಏನಂದ್ಕೊಳ್ತಾರೋ ಅಂತ. ಆ ಹುಡುಗಿ ತಾಯಿ ನನ್ನ ಕರ್ಕೊಂಡು ಹೋಗಿ ಗ್ಯಾರೇಜ್‌ನಲ್ಲಿದ್ದ ಸೇಫ್ ತೋರಿಸಿದ್ರು, ಕೇಳಿದ್ದು ಒಳ್ಳೇದಾಯ್ತು ಅಂದ್ರು. ನಮ್ಮೋರ ಮನೇಲಿ ಕೇಳೋದೇ ಕಷ್ಟ ಆಗಿದ್ದು, ಮುಖ ಊದಿಸ್ಕೊಂಡೋರೂ ಇದ್ದಾರೆ. ಕೇಳೋದು ಬಿಟ್ಟಿಲ್ಲ.

ಲಾಕ್‌ಡೌನ್ ಡ್ರಿಲ್, ಅಂದ್ರೆ ಗನ್ ಹಿಡ್ಕೊಂಡು ಯಾರಾದ್ರೂ ಸ್ಕೂಲಿಗೆ ನುಗ್ಗಿದ್ರೆ ಏನ್ ಮಾಡ್ಬೇಕು ಅನ್ನೋ ಪ್ರಾಕ್ಟೀಸು, ಅದರ ಬಗ್ಗೆನೂ ಕೇಳಿದ್ರಿ. ಆಗತ್ತೆ, ಪ್ರತಿ ಸೆಮಿಸ್ಟರ್ ಆಗತ್ತೆ. ಬಾಗಿಲಿಗೆ ಬೀಗ, ಲೈಟ್ ಆಫ್, ಕಿಟಕಿಗೆ ಕಾಣದ ಮೂಲೇಲಿ ಸದ್ದು ಮಾಡದೆ ಕೂರೋದು. ನನ್ನ ಚಿಕ್ಕೋಳು ವಿಡಿಯೋ ಕಾಲ್‌ನಲ್ಲಿ ಇದನ್ನ ಅಜ್ಜಿಗೆ ಹೇಳಿದ್ಲು, ಕತ್ತಲೇಲಿ ಕೂತಿದ್ವಿ ಅಜ್ಜಿ ಅಂತ. ನಮ್ಮಮ್ಮ "ಯಾಕೆ ಮಗಾ, ಕರೆಂಟ್ ಹೋಗಿತ್ತಾ?" ಅಂತ ಕೇಳಿದ್ರು. ನಾನು ಏನೂ ಹೇಳಕ್ಕಾಗದೆ ಅಡುಗೆಮನೆಗೆ ಹೋದೆ. ಮಕ್ಕಳು ಬಂದು ಡ್ರಿಲ್ ಬಗ್ಗೆ ಹೇಳಿದ್ರೆ ಮಾತು ಬದಲಿಸ್ಬೇಡಿ, ಪೂರ್ತಿ ಹೇಳೋಕೆ ಬಿಡಿ. ಆರನೇ ಕ್ಲಾಸಿನವನಿಗೆ ಫೋನ್‌ನಲ್ಲಿ ಎಲ್ಲಾ ಗೊತ್ತಾಗಿರತ್ತೆ, ಅವನಿಗೆ ಒಂದು ಮಾತು ಹೇಳಿಡಿ, ಯಾರಾದ್ರೂ ಹುಡುಗ ಗನ್ ತರ್ತೀನಿ ಅಂದ್ರೆ, ತಮಾಷೆಗೇ ಅಂದ್ರೂ, ಬಂದು ಹೇಳು, ಅದು ಚಾಡಿ ಅಲ್ಲ ಅಂತ.

ಬನ್ನಿ ಅಂತ ನಾನು ಹೇಳಲ್ಲ, ಬೇಡ ಅಂತಾನೂ ಹೇಳಲ್ಲ, ಅದು ನಿಮ್ಮಿಬ್ರ ತೀರ್ಮಾನ. ಬರೋದಾದ್ರೆ ಜುಲೈ ಒಳಗೆ ಬನ್ನಿ, ಆಗಸ್ಟ್‌ನಲ್ಲಿ ಸ್ಕೂಲ್ ಶುರು, ಮಕ್ಕಳ ಲಸಿಕೆ ಕಾರ್ಡು ಬರ್ತ್ ಸರ್ಟಿಫಿಕೇಟು ಕೈಯಲ್ಲೇ ಇಟ್ಕೊಳ್ಳಿ. ಮನೆ ಸಿಗೋ ತನಕ ನಮ್ಮಲ್ಲಿ ಇಳ್ಕೋಬಹುದು, ಮೇಲಿನ ರೂಮ್ ಖಾಲಿ ಇದೆ.