ಮೊದಲ ಕಾದಂಬರಿ: ಹಣವನ್ನೂ ಹಕ್ಕನ್ನೂ ಕೇಳುವ ಒಪ್ಪಂದಕ್ಕೆ ಸಹಿ ಹಾಕಬಹುದೇ?

ಪ್ರಶ್ನೆ – ಹೊಸ ಬರಹಗಾರ್ತಿ

ಎಲ್ಲರಿಗೂ ನಮಸ್ಕಾರ. ನನ್ನ ಮೊದಲ ಕಾದಂಬರಿಯ ಹಸ್ತಪ್ರತಿ ಸಿದ್ಧವಾಗಿದ್ದು, ಅಚ್ಚಿನಲ್ಲಿ ಸುಮಾರು 250 ಪುಟಗಳಾಗಬಹುದು. ಕೆಲವು ಪ್ರಕಾಶಕರಿಗೆ ಕಳುಹಿಸಿದ್ದೆನಾದರೂ ಒಂದೇ ಸಂಸ್ಥೆಯಿಂದ ಉತ್ತರ ಬಂದಿದೆ. ಅವರು ಕೃತಿಯನ್ನು ಬಹಳ ಮೆಚ್ಚಿದ್ದಾರೆ. ಆದರೆ ಸಂಪಾದನೆ, ಮುಖಪುಟ, ಮುದ್ರಣ, ಪ್ರಚಾರ ಎಲ್ಲವೂ ಸೇರಿದ ‘ಪ್ಯಾಕೇಜ್’ಗೆ ನಾನು ಮುಂಗಡವಾಗಿ ಹಣ ಕಟ್ಟಬೇಕು, ಮೊದಲ ಮುದ್ರಣದ 1000 ಪ್ರತಿಗಳಲ್ಲಿ ಅರ್ಧದಷ್ಟನ್ನು ನಾನೇ ಕೊಳ್ಳಬೇಕು ಮತ್ತು ಕೃತಿಯ ಎಲ್ಲ ಹಕ್ಕುಗಳೂ ಕೃತಿಸ್ವಾಮ್ಯದ (ಕಾಪಿರೈಟ್) ಅವಧಿ ಮುಗಿಯುವವರೆಗೆ ಅವರಲ್ಲಿರಬೇಕು ಎಂದು ಒಪ್ಪಂದದ ಕರಡಿನಲ್ಲಿದೆ. ಇದು ವಾಡಿಕೆಯೇ? ಒಪ್ಪದೆ ನಾನೇ ಪ್ರಕಟಿಸಿಕೊಳ್ಳುವುದಾದರೆ ಎಷ್ಟು ಪ್ರತಿ ಅಚ್ಚು ಹಾಕಿಸುವುದು ಉಚಿತ? ಸಾಮಾಜಿಕ ಜಾಲತಾಣಗಳಲ್ಲಿ ನನಗೆ ಹೇಳಿಕೊಳ್ಳುವಂಥ ಬಳಕೆಯಿಲ್ಲ. ಪ್ರಚಾರವನ್ನು ಯಾವಾಗ, ಎಲ್ಲಿಂದ ಆರಂಭಿಸಬೇಕೆಂಬುದನ್ನೂ ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1 – ಪುಸ್ತಕ ಸಂಪಾದಕ

ಸಹಿ ಹಾಕಬೇಡಿ, ಕನಿಷ್ಠಪಕ್ಷ ಈ ರೂಪದಲ್ಲಿ ಬೇಡ. ಪುಸ್ತಕಕ್ಕೆ ಬಂಡವಾಳ ಹೂಡಿ, ಅದು ಮಾರಾಟವಾಗದಿದ್ದರೆ ನಷ್ಟ ಹೊರುವುದೇ ಪ್ರಕಾಶಕರ ಕೆಲಸ. ಹಕ್ಕುಗಳಲ್ಲಿ ಅವರಿಗೆ ಪಾಲು ಸಿಗುವುದು ಆ ಕಾರಣಕ್ಕೆ. ನೀವೇ ಹಣ ಕಟ್ಟಿ, ಅರ್ಧದಷ್ಟು ಪ್ರತಿಗಳನ್ನೂ ಕೊಂಡ ಮೇಲೆ ಅವರ ಲಾಭ ಮೊದಲ ಓದುಗನಿಗಿಂತ ಮುಂಚೆಯೇ ಕೈಸೇರಿರುತ್ತದೆ, ಉಳಿದ ಪ್ರತಿಗಳನ್ನು ಮಾರುವ ತುರ್ತು ಅವರಿಗಿರುವುದಿಲ್ಲ. ಹಣ ಪಡೆದು ಸೇವೆ ಒದಗಿಸುವುದು ತಪ್ಪಲ್ಲ, ಅದೂ ಒಂದು ಮರ್ಯಾದೆಯ ವ್ಯವಹಾರವೇ. ಆದರೆ ಸೇವೆಗೆ ಹಣ ತೆತ್ತವರ ಬಳಿಯೇ ಹಕ್ಕು ಉಳಿಯಬೇಕು.

ಹಕ್ಕಿನ ಅವಧಿಯನ್ನು ನೀವು ಹಗುರವಾಗಿ ಓದಿರಬಹುದೆಂಬ ಅನುಮಾನ ನನಗಿದೆ. ಕೃತಿಸ್ವಾಮ್ಯ ಕುರಿತ 1886ರ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕೃತಿ ರಚನೆಯಾದ ಕ್ಷಣವೇ ಕೃತಿಸ್ವಾಮ್ಯ ಲೇಖಕರದ್ದಾಗುತ್ತದೆ, ನೋಂದಣಿಯೂ ಕಡ್ಡಾಯವಲ್ಲ; ಅದು ಲೇಖಕರ ಜೀವಿತಕಾಲ ಮತ್ತು ಅನಂತರ ಕನಿಷ್ಠ 50 ವರ್ಷ ಇರುತ್ತದೆ, ಹಲವು ದೇಶಗಳಲ್ಲಿ ಇನ್ನೂ ಹೆಚ್ಚು. ಅಂದರೆ ನಿಮ್ಮ ಮೊಮ್ಮಕ್ಕಳು ಸಹ ಈ ಕಾದಂಬರಿಯನ್ನು ಮರುಮುದ್ರಿಸಲು ಆ ಸಂಸ್ಥೆಯ ಅನುಮತಿಯನ್ನು ಕೇಳಬೇಕಾಗುತ್ತದೆ. ಮುದ್ರಣ, ಇ-ಪುಸ್ತಕ, ಧ್ವನಿಪುಸ್ತಕ, ಅನುವಾದ, ಚಲನಚಿತ್ರ ಇವು ಬೇರೆಬೇರೆ ಹಕ್ಕುಗಳು. ಸಂಸ್ಥೆ ಯಾವುದನ್ನು ನಿಜವಾಗಿ ಬಳಸಬಲ್ಲದೋ ಅದನ್ನು ಮಾತ್ರ, ಕೆಲವು ವರ್ಷಗಳ ಅವಧಿಗೆ ಕೊಡಿ.

‘ಪ್ರತಿಗಳು ಮುಗಿದು ಮರುಮುದ್ರಣವಾಗದಿದ್ದರೆ ಹಕ್ಕು ಲೇಖಕರಿಗೆ ಮರಳುತ್ತದೆ’ ಎಂಬ ಸಾಲು ಹಳೆಯ ಒಪ್ಪಂದಗಳಲ್ಲಿ ಸಾಕಾಗುತ್ತಿತ್ತು. ಬೇಡಿಕೆ ಬಂದಾಗ ಒಂದೊಂದೇ ಪ್ರತಿ ಅಚ್ಚು ಹಾಕುವ ಈ ಕಾಲದಲ್ಲಿ ಯಾವ ಪುಸ್ತಕವೂ ಕಾಗದದ ಮೇಲೆ ‘ಮುಗಿಯುವುದೇ’ ಇಲ್ಲ. ಆದ್ದರಿಂದ ವರ್ಷಕ್ಕೆ ಇಂತಿಷ್ಟು ಪ್ರತಿಗಳಿಗಿಂತ ಕಡಿಮೆ ಮಾರಾಟವಾದರೆ ಹಕ್ಕು ಮರಳಬೇಕೆಂದು ಸಂಖ್ಯೆಯಲ್ಲೇ ಬರೆಸಿಕೊಳ್ಳಿ. ರಾಯಲ್ಟಿಯ, ಅಂದರೆ ಮಾರಾಟದಲ್ಲಿ ಲೇಖಕರಿಗೆ ಸಲ್ಲುವ ಪಾಲಿನ, ಶೇಕಡಾವಾರು ಮುಖಬೆಲೆಯ ಮೇಲೋ ಅಥವಾ ಮಾರಾಟಗಾರರ ರಿಯಾಯಿತಿ ಕಳೆದು ಪ್ರಕಾಶಕರ ಕೈಗೆ ಬಂದ ಮೊತ್ತದ ಮೇಲೋ ಎಂಬುದನ್ನೂ ಕೇಳಿ. ಎರಡರಲ್ಲೂ ‘ಶೇ 10’ ಎಂದೇ ಬರೆದಿದ್ದರೂ ನಿಮಗೆ ಸಿಗುವ ಹಣ ಅರ್ಧಕ್ಕರ್ಧ ವ್ಯತ್ಯಾಸವಾಗಬಹುದು.

ಉತ್ತರ 2 – ಮುದ್ರಣಾಲಯದವನು

ಹಕ್ಕಿನ ವಿಚಾರವನ್ನು ಸಂಪಾದಕರು ಹೇಳಿದ್ದಾರೆ, ನಾನು ಅಚ್ಚಿನ ಮಾತಿಗೆ ಬರುತ್ತೇನೆ. ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟ್ ಮಾಡಿಸಿ ಯಂತ್ರ ಹೊಂದಿಸುವ ಖರ್ಚು 100 ಪ್ರತಿಗೂ ಒಂದೇ, 1000 ಪ್ರತಿಗೂ ಒಂದೇ. ಸಂಖ್ಯೆ ಹೆಚ್ಚಿದಂತೆ ಪ್ರತಿಯೊಂದರ ಖರ್ಚು ಇಳಿಯುವುದು ಇದರಿಂದಲೇ. ಹೊಸ ಲೇಖಕರು ಈ ಇಳಿಕೆಯನ್ನು ಕಂಡು ಹಿಗ್ಗುತ್ತಾರೆ, ಮಾರಾಟವಾಗದೆ ಉಳಿದ ಪ್ರತಿಗಳ ಖರ್ಚನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇಡಿಕೆಯ ಅಂದಾಜು ಸಿಗುವವರೆಗೆ ಪ್ಲೇಟ್ ಬೇಡದ ಡಿಜಿಟಲ್ ಮುದ್ರಣದಲ್ಲಿ ಸ್ವಲ್ಪ ಸ್ವಲ್ಪವೇ ಅಚ್ಚು ಹಾಕಿಸುವುದು ಕ್ಷೇಮ. ಮುಂಗಡ ಬೇಡಿಕೆಗಳು ಖಚಿತವಾಗಿ ಕೈಯಲ್ಲಿದ್ದರೆ ಆಫ್‌ಸೆಟ್‌ಗೆ ಧೈರ್ಯವಾಗಿ ಹೋಗಬಹುದು.

ಪುಟಗಳನ್ನು ಸಾಮಾನ್ಯವಾಗಿ 16 ಪುಟಗಳ ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗುವ ಪುಟಗಳ ಗುಂಪು) ಲೆಕ್ಕದಲ್ಲಿ ಅಚ್ಚು ಹಾಕುತ್ತೇವೆ. ನಿಮ್ಮ ಪುಸ್ತಕ 256ಕ್ಕೆ ನಿಂತರೆ ಸರಿಯಾಗಿ ಹದಿನಾರು ಫಾರಂ. 258 ಆದರೆ ಎರಡು ಪುಟಕ್ಕಾಗಿ ಇನ್ನೊಂದು ಫಾರಂನ ಗೊಡವೆ. ಪುಟಸಂಖ್ಯೆ ಮತ್ತು ಕಾಗದದ ದಪ್ಪ ನಿಶ್ಚಯವಾಗದೆ ಪುಸ್ತಕದ ಬೆನ್ನಿನ ಅಗಲ ತಿಳಿಯುವುದಿಲ್ಲ. ಕರಡು ತಿದ್ದುವ ಕೆಲಸ ಮುಗಿಯುವ ಮೊದಲೇ ಪೂರ್ಣ ಮುಖಪುಟ ಮಾಡಿಸಿಕೊಂಡು ಬರುವವರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

ಪುಸ್ತಕಗಳ ಅಂತರರಾಷ್ಟ್ರೀಯ ಗುರುತು ಸಂಖ್ಯೆಯಾದ ಐಎಸ್‌ಬಿಎನ್ 2007ರಿಂದ 13 ಅಂಕಿಗಳದ್ದು. ಮುದ್ರಿತ ಪುಸ್ತಕಕ್ಕೆ ಒಂದು, ಇ-ಪುಸ್ತಕಕ್ಕೆ ಬೇರೊಂದು ಬೇಕು. ಬದಲಾವಣೆಯಿಲ್ಲದ ಮರುಮುದ್ರಣಕ್ಕೆ ಹೊಸತು ಬೇಡ. ಆ ಸಂಖ್ಯೆ ಪುಸ್ತಕವನ್ನು ಗುರುತಿಸುತ್ತದೆಯೇ ಹೊರತು ಅದರ ಮೇಲೆ ನಿಮಗಿರುವ ಒಡೆತನಕ್ಕೆ ಪುರಾವೆಯಲ್ಲ.

ಉತ್ತರ 3 – ಪುಸ್ತಕ ಪ್ರಚಾರದಲ್ಲಿರುವವಳು

ಪ್ರಚಾರವು ಬಿಡುಗಡೆಯ ದಿನ ಆರಂಭವಾಗುತ್ತದೆಂದು ನಂಬಿರುವವರೇ ಹೆಚ್ಚು. ಅಷ್ಟರಲ್ಲಿ ಮುಖ್ಯವಾದ ನಿರ್ಧಾರಗಳೆಲ್ಲ ಮುಗಿದಿರುತ್ತವೆ. ಈ ಕಾದಂಬರಿಯನ್ನು ಓದಬಲ್ಲ ವ್ಯಕ್ತಿ ಈಗ ಯಾವ ಬಗೆಯ ಪುಸ್ತಕಗಳನ್ನು ಓದುತ್ತಿದ್ದಾರೆ ಎಂಬುದನ್ನು ಮೊದಲು ಗುರುತಿಸಿಕೊಳ್ಳಿ, ಏಕೆಂದರೆ ಶೀರ್ಷಿಕೆ, ಮುಖಪುಟ, ಬೆನ್ನುಡಿ, ಮಾರಾಟದ ಜಾಲತಾಣದಲ್ಲಿ ಪುಸ್ತಕ ಸೇರಬೇಕಾದ ವಿಭಾಗ ಇವೆಲ್ಲವೂ ಆ ಓದುಗರನ್ನು ಉದ್ದೇಶಿಸಿಯೇ ರೂಪುಗೊಳ್ಳಬೇಕು. ‘ಎಲ್ಲರೂ ಓದಬಹುದು’ ಎಂಬ ಉತ್ತರದಿಂದ ಈ ಯಾವ ಕೆಲಸವೂ ಮುಂದೆ ಸಾಗುವುದಿಲ್ಲ. ಬೆನ್ನುಡಿಯಲ್ಲಿ ಹೊಗಳಿಕೆ ಬೇಡ. ಯಾರಿಗೆ ಏನು ಬೇಕಾಗಿದೆ, ಅದಕ್ಕೆ ಅಡ್ಡಿಯಾಗಿರುವುದೇನು ಎಂಬುದು ತಿಳಿದರೆ ಸಾಕು.

ಬಿಡುಗಡೆಗೆ ಕೆಲವು ತಿಂಗಳು ಮೊದಲೇ ವಿಮರ್ಶಕರಿಗೆ, ಓದುಗರ ಬಳಗಗಳಿಗೆ, ಗ್ರಂಥಪಾಲಕರಿಗೆ ಮುಂಗಡ ಪ್ರತಿಗಳನ್ನು ಕಳುಹಿಸಿ. ಪತ್ರಿಕೆಗಳಿಗೆ ಓದಲೂ ಬರೆಯಲೂ ಸಮಯ ಬೇಕಾಗುತ್ತದೆ. ಬಂಧುಗಳಿಂದ ಮಾರಾಟದ ಜಾಲತಾಣದಲ್ಲಿ ವಿಮರ್ಶೆ ಬರೆಸಬೇಡಿ. ಅಮೆಜಾನ್ ನಿಯಮಗಳು ಲೇಖಕರ ಕುಟುಂಬದವರ ವಿಮರ್ಶೆಯನ್ನೂ ಹಣಕ್ಕೆ ಬರೆಸಿದ ವಿಮರ್ಶೆಯನ್ನೂ ನಿಷೇಧಿಸುತ್ತವೆ. ಅಲ್ಲಿ ಇ-ಪುಸ್ತಕವನ್ನು ಕೆಡಿಪಿ ಸೆಲೆಕ್ಟ್ ಎಂಬ, ಅಮೆಜಾನ್‌ನಲ್ಲಿ ಮಾತ್ರ ಕೊಡಲು ಒಪ್ಪುವ ಯೋಜನೆಗೆ ಸೇರಿಸಿದರೆ 90 ದಿನಗಳ ಅವಧಿಯಲ್ಲಿ ಅದನ್ನು ಬೇರೆಲ್ಲೂ ಡಿಜಿಟಲ್ ರೂಪದಲ್ಲಿ ಕೊಡುವಂತಿಲ್ಲ. ಮುದ್ರಿತ ಪ್ರತಿಗೆ ಈ ನಿರ್ಬಂಧವಿಲ್ಲ.

ಸಾಮಾಜಿಕ ಜಾಲತಾಣಗಳ ಬಳಕೆಯಿಲ್ಲವೆಂದು ಕುಗ್ಗಬೇಡಿ. ಹತ್ತು ಕಡೆ ಒಲ್ಲದ ಮನಸ್ಸಿನಿಂದ ಬರೆಯುವುದಕ್ಕಿಂತ, ತಾವಾಗಿಯೇ ವಿಳಾಸ ಕೊಟ್ಟ ಓದುಗರಿಗೆ ತಿಂಗಳಿಗೊಂದು ಇ-ಪತ್ರ ಬರೆಯುವುದು ಹೆಚ್ಚು ಫಲ ಕೊಡುತ್ತದೆ. ಸಭಾಂಗಣ ತುಂಬಿದ ಬಿಡುಗಡೆ ಸಮಾರಂಭದಿಂದ ಎಷ್ಟು ಪುಸ್ತಕ ಮಾರಾಟವಾಯಿತೆಂದು ಕೇಳಿದರೆ ಮಾತ್ರ ಸಂಘಟಕರ ಮುಖ ನೋಡುವಂತಿರುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಹಕ್ಕಿನ ಷರತ್ತನ್ನು ಕೈಬಿಡುವಂತೆ ಕೇಳಿದಾಗ ಸಂಸ್ಥೆಯವರು ಒಪ್ಪಿದರು, ಹಣದ ಮಾತು ಹಾಗೆಯೇ ಇದೆ. ಈಗ ಅದನ್ನು ಕೇವಲ ಸೇವೆಯೆಂದು ಭಾವಿಸಿ ಮುಂದುವರಿಯಬಹುದೇ?

ಉತ್ತರ – ಪುಸ್ತಕ ಸಂಪಾದಕ

ಮುಂದುವರಿಯಬಹುದು, ಆದರೆ ‘ಪ್ಯಾಕೇಜ್’ ಒಡೆದು ಪ್ರತಿ ಕೆಲಸಕ್ಕೂ ಪ್ರತ್ಯೇಕ ದರ ಕೇಳಿ. ಕೊಳ್ಳಲೇಬೇಕಾದ ಪ್ರತಿಗಳ ಷರತ್ತನ್ನೂ ತೆಗೆಸಿ. ಒಂದು ಅಧ್ಯಾಯವನ್ನು ಮಾದರಿಗಾಗಿ ಸಂಪಾದಿಸಿ ಕೊಡಲು ಹೇಳಿ. ಬರೀ ಕಾಗುಣಿತ ತಿದ್ದಿ ಕಳುಹಿಸಿದರೆ ಅದು ಕರಡು ತಿದ್ದಿದ್ದೇ ಹೊರತು ಸಂಪಾದನೆಯಲ್ಲ. ‘ಪ್ರಚಾರ’ ಎಂದು ಬರೆದಿರುವಲ್ಲಿ ಯಾರಿಗೆ ಎಷ್ಟು ಪ್ರತಿ, ಯಾವ ದಿನದೊಳಗೆ ಕಳುಹಿಸುತ್ತಾರೆಂಬುದು ನಮೂದಾಗಬೇಕು. ಮುದ್ರಣಕ್ಕೆ ಸಿದ್ಧವಾದ ಕಡತಗಳು, ಅಂದರೆ ಪುಟವಿನ್ಯಾಸದ ಮೂಲ ಕಡತ, ಯಾವ ಕಂಪ್ಯೂಟರಿನಲ್ಲೂ ತೆರೆದು ಓದಬಹುದಾದ ಯೂನಿಕೋಡ್ ಪಠ್ಯ ಮತ್ತು ಮುಖಪುಟ ಇವು ಹಣ ಸಂದಾಯವಾದ ಮೇಲೆ ನಿಮ್ಮ ಸ್ವತ್ತೆಂದು ಬರೆಸಿಕೊಳ್ಳಿ. ಇಲ್ಲವಾದರೆ ಹಕ್ಕು ನಿಮ್ಮಲ್ಲಿದ್ದರೂ ಎರಡನೆಯ ಮುದ್ರಣಕ್ಕೆ ಅವರ ಬಾಗಿಲನ್ನೇ ತಟ್ಟಬೇಕಾಗುತ್ತದೆ.