ಹುಳದ ಪರ ವಕಾಲತ್ತು

ಆಗುಂಬೆಯಲ್ಲಿ ಚಾ ಕುಡಿಯಲು ಕೂತಿದ್ದೆವು. ಭಟ್ಟರು ದಾರಿಯಲ್ಲಿ ಕಿತ್ತು ತಂದ ದೋರೆ ಅತ್ತಿ ಹಣ್ಣನ್ನು ಎರಡು ಹೋಳು ಮಾಡಿದರು. ಒಳಗಿಂದ ಸಣ್ಣ ಹುಳಗಳು ಪಿಳಪಿಳ ಹರಿದಾಡಿದವು.

‘ಗಾದೆ ಸುಳ್ಳಲ್ಲ. ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ.’

ಶೀನ ಸುಮ್ನೆ ಇರುವವನಲ್ಲ. ಕಾಡು ಸುತ್ತಿ ಸುತ್ತಿ ಅವನಿಗೆ ಹುಳುಹುಪ್ಪಟೆಗಳ ಪರ ವಕಾಲತ್ತು ಹಾಕುವ ಚಟ ಅಂಟಿದೆ. ‘ಗಾದೆ ಕಟ್ಟಿದವನಿಗೆ ಉಪಕಾರಸ್ಮರಣೆ ಇಲ್ಲ ಭಟ್ರೇ. ಆ ಹುಳ ಇಲ್ಲದಿದ್ದರೆ ಹಣ್ಣೇ ಇಲ್ಲ.’

‘ಅದು ಹೇಗೆ ಮಾರಾಯ?’

‘ಅತ್ತಿಯ ಹೂ ನೋಡಿದ್ದೀರಾ? ಇಲ್ಲ ತಾನೇ? ಅವೆಲ್ಲ ಕಾಯಿಯ ಒಳಗೇ ಇರುತ್ತವೆ. ತುದಿಯಲ್ಲಿ ಒಂದು ಕಿರುಬಾಗಿಲು. 2 ಮಿಲಿಮೀಟರಿನ ಕಣಜ ಅದರಲ್ಲಿ ನುಗ್ಗುತ್ತದೆ. ನುಗ್ಗುವಾಗ ರೆಕ್ಕೆ ಕಿತ್ತುಹೋಗುತ್ತದೆ. ತಂದ ಪರಾಗವನ್ನು ಹೂಗಳಿಗೆ ಸವರಿ, ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ.’

‘ಬಾಣಂತನಕ್ಕೆ ಬಂದವಳು ವಾಪಸ್ ಹೋಗಲೇ ಇಲ್ಲ ಅನ್ನು’ ಎಂದ ಮಂಜ.

‘ಆ ಮೊಟ್ಟೆಗಳಿಂದ ಹುಟ್ಟುವ ಗಂಡುಗಳ ಕಥೆ ಕೇಳು. ಅವಕ್ಕೆ ರೆಕ್ಕೆಯೇ ಇಲ್ಲ. ಹೆಣ್ಣುಗಳು ಹೊರಹೋಗಲಿ ಅಂತ ದಾರಿ ಕೊರೆದುಕೊಟ್ಟು ಸಾಯುತ್ತವೆ.’

ಮಂಜ ಗಂಭೀರನಾದ. ಮೊನ್ನೆಯಷ್ಟೇ ಸಾಲ ಮಾಡಿ ಮಗಳ ಮದುವೆ ಮುಗಿಸಿದವನು.

‘ಹೊರಬಂದ ಕಣಜ ಬದುಕುವುದು ಒಂದೆರಡು ದಿನ. ಅಷ್ಟರಲ್ಲಿ ಇನ್ನೊಂದು ಮರದಲ್ಲಿ ಎಳೆ ಕಾಯಿ ಸಿಗಬೇಕಲ್ವಾ? ಅದಕ್ಕೇ ಅತ್ತಿ, ಅದರ ನೆಂಟ ಗೋಳಿಮರ ಎಲ್ಲ ಒಟ್ಟಿಗೇ ಕಾಯಿ ಬಿಡುವುದಿಲ್ಲ. ಕಾಡಲ್ಲಿ ಯಾವುದೋ ಒಂದು ಮರದಲ್ಲಿ ಯಾವಾಗಲೂ ಇರುತ್ತದೆ. ಮಂಗಟ್ಟೆ ಹಕ್ಕಿಯ ಸಂಸಾರ ನಡೆಯುವುದೇ ಆ ಧೈರ್ಯದ ಮೇಲೆ.’

ಮಂಗಟ್ಟೆಯ ಸಂಸಾರ ಕೇಳಬೇಕಾದ್ದೇ. ಹೆಣ್ಣು ಪೊಟರೆಯೊಳಗೆ ಕೂತು, ಬಾಗಿಲನ್ನು ತನ್ನ ಹಿಕ್ಕೆಯಿಂದಲೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟೇ ಸೀಳು. 3-4 ತಿಂಗಳು ಗಂಡು ಗಂಟಲಲ್ಲಿ ಹಣ್ಣು ತುಂಬಿ ತಂದು, ಒಂದೊಂದೇ ಕಕ್ಕಿ ಕೊಡಬೇಕು.

‘ನಮ್ಮನೇಲಿ ಬಾಗಿಲು ಹಾಕಿದರೆ ಹೊರಗೆ ಉಳಿಯುವುದು ನಾನು’ ಎಂದ ಮಂಜ. ‘ಸೀಳೂ ಇರೋದಿಲ್ಲ. ಮೊನ್ನೆ ಕೊತ್ತಂಬರಿ ಸೊಪ್ಪು ಮರೆತಿದ್ದೆ, ಅಷ್ಟೇ.’

‘ತಿಂದ ಬೀಜವನ್ನು ಹಕ್ಕಿ ದೂರದ ಮರದ ಮೇಲೆ ಹಾಕುತ್ತದೆ. ಗೋಳಿ ಅಲ್ಲೇ ಮೊಳೆತು, ಬೇರು ಇಳಿಬಿಟ್ಟು, ಆ ಮರವನ್ನೇ ಅಪ್ಪಿ ಹಿಸುಕುತ್ತದೆ.’

‘ಬಾಡಿಗೆಗೆ ಬಂದವನು ಮನೆ ಬರೆಸಿಕೊಂಡ ಹಾಗೆ’ ಎಂದೆ ನಾನು.

ಭಟ್ಟರ ಕಣ್ಣು ಮಾತ್ರ ಕೈಯಲ್ಲಿದ್ದ ಹೋಳಿನ ಮೇಲೇ ಇತ್ತು. ‘ಅಂದರೆ ಇಷ್ಟು ವರ್ಷ ನಾನು ತಿಂದದ್ದು...?’

ಯಾರೂ ಉತ್ತರ ಕೊಡಲಿಲ್ಲ. ಭಟ್ಟರು ಉಫ್ ಎಂದು ಊದಿದರು. ಹುಳಗಳು ಮಂಜನ ಚಾದೊಳಗೆ ಬಿದ್ದವು. ಭಟ್ಟರು ಹಣ್ಣು ಬಾಯಿಗೆ ಹಾಕಿಕೊಂಡರು.