ಚೈನಾ ಗ್ರಾಸ್ ಹಾಕಿದ ಮಾವಿನ ಪುಡ್ಡಿಂಗ್ ಶ್ಯಾವಿಗೆ ಥರ ಆಯಿತು, ಭಾನುವಾರದೊಳಗೆ ದಾರಿ ಹೇಳಿ

ಒಂಟಿಕೊಪ್ಪಲ್ ತಾತ (ಗುರುವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನನಗೆ 66 ವರ್ಷ. ಅಡುಗೆಮನೆಗೆ ಇಳಿದು ಸರಿಯಾಗಿ ಏಳು ವಾರ ಆಯಿತು. ಮನೆಯವಳಿಗೆ ಮಂಡಿ ಆಪರೇಷನ್ ಆಗಿದೆ. ಅವಳು ಹಾಲ್‌ನಲ್ಲಿ ದಿವಾನದ ಮೇಲೆ ಕೂತು ಹೇಳುತ್ತಾಳೆ, ನಾನು ಇಲ್ಲಿ ಮಾಡುತ್ತೇನೆ. ಅನ್ನ, ಸಾರು, ಪಲ್ಯಕ್ಕೆ ಈಗ ತೊಂದರೆ ಇಲ್ಲ. ಕುಕ್ಕರ್ ಎಷ್ಟು ಸಲ ಕೂಗಿದರೆ ಬೇಳೆ ಬೇಯುತ್ತದೆ ಅನ್ನುವುದೂ ಗೊತ್ತಾಗಿದೆ. ಸಿಹಿತಿಂಡಿ ಮಾತ್ರ ಇದೇ ಮೊದಲು.

ಭಾನುವಾರ ಮೊಮ್ಮಗಳು ಬರುತ್ತಾಳೆ. ಎಂಟು ವರ್ಷ. ಫೋನಿನಲ್ಲಿ "ತಾತ, ಮ್ಯಾಂಗೋ ಪುಡ್ಡಿಂಗ್ ಮಾಡ್ತೀಯಾ?" ಅಂದಳು. ಹೂಂ ಅಂದುಬಿಟ್ಟೆ. ನಮ್ಮ ಮನೆಯಲ್ಲಿ ಅವನ್ ಇಲ್ಲ. ಎರಡು ಒಲೆಯ ಗ್ಯಾಸ್, ಒಂದು ಮಿಕ್ಸಿ, ಒಂದು ಹಳೇ ಫ್ರಿಜ್. ಆದರೆ ಪುಡ್ಡಿಂಗಿಗೆ ಅವನ್ ಬೇಡ, ಚೈನಾ ಗ್ರಾಸ್ ಸಾಕು ಅಂತ ಪ್ರಾವಿಷನ್ ಸ್ಟೋರ್‌ನವರು ಹೇಳಿ ಒಂದು ಪ್ಯಾಕೆಟ್ ಕೊಟ್ಟರು.

ಇವತ್ತು ರಿಹರ್ಸಲ್ ನಡೆಸಿದೆ. ದೇವರಾಜ ಮಾರ್ಕೆಟ್‌ನಿಂದ ತಂದ ರಸಪುರಿ ಮೂರು. ಬೆಳಿಗ್ಗೆಯೇ ಹಿಂಡಿ, ಮಿಕ್ಸಿಗೆ ಹಾಕಿ, ಕೆಡಬಾರದು ಅಂತ ರಸವನ್ನು ಫ್ರೀಜರ್‌ನಲ್ಲಿಟ್ಟೆ. ಸಂಜೆ ಅದಕ್ಕೆ ಒಂದು ಲೋಟ ತಣ್ಣನೆ ಹಾಲು, ನಾಲ್ಕು ಚಮಚ ಸಕ್ಕರೆ ಸೇರಿಸಿದೆ. 10 ಗ್ರಾಂ ಪ್ಯಾಕೆಟ್‌ನಲ್ಲಿ ಅರ್ಧ ಚೈನಾ ಗ್ರಾಸ್ ತೆಗೆದು ಅರ್ಧ ಲೋಟ ನೀರಿನಲ್ಲಿ ಕುದಿಸಿದೆ. ಸುಮಾರಾಗಿ ಕರಗಿತು. ಅದನ್ನು ರಸಕ್ಕೆ ಸುರಿದೆ.

ಸುರಿದ ತಕ್ಷಣ ಸೌಟಿಗೆ ಏನೋ ಸುತ್ತಿಕೊಂಡ ಹಾಗಾಯಿತು. ಎತ್ತಿ ನೋಡಿದರೆ ಎಳೆ ಎಳೆ, ಒತ್ತು ಶ್ಯಾವಿಗೆ ನೇತಾಡಿದ ಹಾಗೆ. ಇರಲಿ, ಫ್ರಿಜ್‌ನಲ್ಲಿ ಸರಿಹೋಗುತ್ತದೆ ಅಂತ ಮೂರು ಗಂಟೆ ಇಟ್ಟೆ. ಕೆಳಗೆ ಎಳೆ, ಮೇಲೆ ಮಾವಿನ ಹಾಲು. ಬಟ್ಟಲನ್ನು ದಿವಾನದ ಹತ್ತಿರ ಒಯ್ದೆ. ಅವಳು ಚಮಚದಲ್ಲಿ ಒಂದು ಸಲ ಕೆದಕಿ, "ಇದು ಪುಡ್ಡಿಂಗ್ ಅಲ್ಲ ರೀ, ಫಲೂದಾ" ಅಂದಳು.

ಎಲ್ಲಿ ತಪ್ಪಿದೆ? ರಸಪುರಿ ಬದಲು ಬೇರೆ ಹಣ್ಣು ತರಬೇಕಿತ್ತಾ? ನನಗೆ ಶುಗರ್ ಇರುವುದರಿಂದ ರುಚಿ ನೋಡಲು ಒಂದೇ ಚಮಚದ ಪರವಾನಗಿ. ಹಾಗಾಗಿ ಅಳತೆ ಹೇಳುವವರು ದಯವಿಟ್ಟು ಸರಿಯಾಗಿ ಹೇಳಿ, "ಕಣ್ಣಂದಾಜು" ಅನ್ನಬೇಡಿ.

ಸೀಬೆಮರ (ಗುರುವಾರ, ರಾತ್ರಿ 10:05)

ಯಾಕೆ ಸರ್ ಇಷ್ಟು ಕಷ್ಟ? ಹಣ್ಣು ಹಿಂಡಿ, ಹಾಲು, ಸಕ್ಕರೆ, ಏಲಕ್ಕಿ ಹಾಕಿ. ಸೀಕರಣೆ ರೆಡಿ. ಹತ್ತು ನಿಮಿಷದ ಕೆಲಸ. ಪಕ್ಕದಲ್ಲಿ ಎರಡು ಪೂರಿ.

ಒಂಟಿಕೊಪ್ಪಲ್ ತಾತ (ಗುರುವಾರ, ರಾತ್ರಿ 10:12)

ಸೀಕರಣೆ ನನಗೂ ಪ್ರಾಣ. ಆದರೆ ಹುಡುಗಿ ಕೇಳಿದ್ದು ಅಲುಗಾಡುವಂಥದ್ದು. ಲೋಟ ಬೋರಲು ಹಾಕಿದರೆ ತಟ್ಟೆಯ ಮೇಲೆ ನಿಲ್ಲಬೇಕಂತೆ. ಪೂರಿ ವಿಷಯಕ್ಕೆ ಇನ್ನೂ ಬಂದಿಲ್ಲ, ಎಣ್ಣೆ ಬಾಣಲೆ ಕಂಡರೆ ಹೆದರಿಕೆ.

ಕೆಮಿಸ್ಟ್ರಿ ಮೇಷ್ಟ್ರು (ಗುರುವಾರ, ರಾತ್ರಿ 11:20)

ಸರ್, ನಿಮ್ಮ ರಸಪುರಿಯದು ಏನೂ ತಪ್ಪಿಲ್ಲ. ತಪ್ಪು ಫ್ರೀಜರಿನದು.

ಚೈನಾ ಗ್ರಾಸ್ ಹೆಸರಿಗೆ ಹುಲ್ಲು. ನಿಜವಾಗಿ ಅದು ಸಮುದ್ರದ ಕೆಂಪು ಪಾಚಿಯಿಂದ ತೆಗೆದ ಅಗರ್. ತಮಿಳರು ಕಡಲ್‌ಪಾಸಿ ಅನ್ನುತ್ತಾರೆ, ಅದೇ ಸರಿಯಾದ ಹೆಸರು. ನಮ್ಮ ಕಾಲೇಜಿನ ಬಯಾಲಜಿ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆಗೆ ಹೊಯ್ಯುವುದೂ ಇದನ್ನೇ. ಇದರ ಸ್ವಭಾವ ಸ್ವಲ್ಪ ವಿಚಿತ್ರ. ಪೂರ್ತಿ ಕರಗಬೇಕಾದರೆ ಚೆನ್ನಾಗಿ ಕುದಿಯಬೇಕು. ಕರಗಿದ ಮೇಲೆ ಸುಮಾರು 35-40 ಡಿಗ್ರಿಗೆ ಇಳಿಯುವ ತನಕ ನೀರಾಗಿಯೇ ಇರುತ್ತದೆ. ಅದಕ್ಕಿಂತ ಇಳಿಯಿತೋ, ಇದ್ದಲ್ಲೇ ಹೆಪ್ಪುಗಟ್ಟುತ್ತದೆ. ಫ್ರೀಜರಿನ ರಸಕ್ಕೆ ನೀವು ಸುರಿದಾಗ ಅದಕ್ಕೆ ಬೆರೆಯಲು ಸಮಯವೇ ಸಿಗಲಿಲ್ಲ. ಧಾರೆಯಾಗಿ ಬಿದ್ದದ್ದು ಧಾರೆಯಾಗಿಯೇ ಗಟ್ಟಿಯಾಯಿತು. ನೀವು ಕಂಡ ಶ್ಯಾವಿಗೆ ಅದೇ.

ಇನ್ನೊಂದು, "ಸುಮಾರಾಗಿ ಕರಗಿತು" ಅಂದಿರಲ್ಲ, ಅಲ್ಲೂ ಎಡವಿದ್ದೀರಿ. ಸೌಟು ಎತ್ತಿ ಅಂಚಿನಿಂದ ಇಳಿಯುವ ನೀರನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಗಾಜಿನ ಚೂರಿನಂಥದ್ದು ಕಂಡರೂ ಇನ್ನೂ ಕುದಿಸಬೇಕು.

ಒಳ್ಳೇ ಸುದ್ದಿ ಏನೆಂದರೆ ಇದು ಹಾಳಾಗಿಲ್ಲ. ಹೆಪ್ಪುಗಟ್ಟಿದ ಅಗರ್ 85 ಡಿಗ್ರಿ ದಾಟಿದರೆ ಮತ್ತೆ ಕರಗುತ್ತದೆ. ಟೀ ಸೋಸುವ ಜಾಲರಿಯಲ್ಲಿ ಎಳೆಗಳನ್ನು ಬೇರೆ ಮಾಡಿ. ಅರ್ಧ ಲೋಟ ನೀರು ಹಾಕಿ ಕುದಿಸಿ. ಅಷ್ಟರಲ್ಲಿ ಸೋಸಿದ ಮಾವಿನ ಹಾಲನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಉಗುರುಬೆಚ್ಚಗೆ ಮಾಡಿ. ನೇರ ಒಲೆ ಮೇಲೆ ಇಡಬೇಡಿ, ಹುಳಿ ಇದ್ದರೆ ಹಾಲು ಒಡೆಯುತ್ತದೆ, ಹಣ್ಣಿನ ಪರಿಮಳವೂ ಹೋಗುತ್ತದೆ. ಆಮೇಲೆ ಬೆರೆಸಿ.

ಭಾನುವಾರಕ್ಕೆ ಹೊಸದಾಗಿ ಮಾಡುವುದಾದರೆ ಅಳತೆ ಹೀಗೆ. 5 ಗ್ರಾಂ ಚೈನಾ ಗ್ರಾಸ್ ಕತ್ತರಿಸಿ, 250 ಎಂಎಲ್ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ. ಅದೇ ನೀರಿನಲ್ಲಿ ಸಣ್ಣ ಉರಿಯಲ್ಲಿ ಪೂರ್ತಿ ಕರಗುವ ತನಕ ಕುದಿಸಿ. ಕರಗಿದ ಮೇಲೆ ಸಕ್ಕರೆ, ಮೊದಲಲ್ಲ. ನಂತರ 200 ಎಂಎಲ್ ಬಿಸಿ ಹಾಲು. ಒಲೆ ಆರಿಸಿ ಐದು ನಿಮಿಷ ಬಿಡಿ. ಕೊನೆಗೆ 300 ಎಂಎಲ್ ಮಾವಿನ ರಸ. ರಸ ಫ್ರಿಜ್‌ನಿಂದ ಹೊರಗೆ ಬಂದು ಎರಡು ಗಂಟೆಯಾದರೂ ಆಗಿರಬೇಕು. ಒಂದು ಕೈಯಲ್ಲಿ ಸುರಿಯುತ್ತಾ ಇನ್ನೊಂದು ಕೈಯಲ್ಲಿ ತಿರುಗಿಸುತ್ತಲೇ ಇರಿ.

ಗಟ್ಟಿಯಾಗುತ್ತದೋ ಇಲ್ಲವೋ ಅಂತ ಮೂರು ಗಂಟೆ ಕಾಯುವ ಅಗತ್ಯವೂ ಇಲ್ಲ. ಮೈಸೂರು ಪಾಕಿಗೆ ಪಾಕ ನೋಡುವುದಿಲ್ಲವೇ, ಹಾಗೆ. ಸ್ಟೀಲ್ ತಟ್ಟೆ ಫ್ರಿಜ್‌ನಲ್ಲಿಟ್ಟಿರಿ. ಅದರ ಮೇಲೆ ಒಂದು ಚಮಚ ಹಾಕಿ ಎರಡು ನಿಮಿಷ ಬಿಡಿ. ಬೆರಳಿನಲ್ಲಿ ತಳ್ಳಿದರೆ ಇಡಿಯಾಗಿ ಜಾರಬೇಕು. ಹರಡಿದರೆ ಇನ್ನು ಒಂದು ಗ್ರಾಂ ಚೈನಾ ಗ್ರಾಸ್ ಬೇರೆ ನೀರಿನಲ್ಲಿ ಕರಗಿಸಿ ಸೇರಿಸಿ.

ಒಂದು ಎಚ್ಚರಿಕೆ. ಇದರ ಬದಲು ಯಾರಾದರೂ ಜೆಲಟಿನ್ ಕೊಟ್ಟರೆ ಪ್ಯಾಕೆಟ್ ಮೇಲಿನ ಸಸ್ಯಾಹಾರ-ಮಾಂಸಾಹಾರದ ಗುರುತು ನೋಡಿ. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವಂಥದ್ದು. ಅದರ ಅಳತೆ, ವಿಧಾನ ಎರಡೂ ಬೇರೆ.

ಕೆಲಗೇರಿ ಅಕ್ಕ (ಶುಕ್ರವಾರ, ಬೆಳಿಗ್ಗೆ 6:50)

ಮೇಷ್ಟ್ರು ಹೇಳಿದ್ದು ಖರೆ. ಆದರೆ ಹಣ್ಣಿನ ವಿಷಯದಲ್ಲಿ ನನ್ನದೊಂದು ಮಾತು ಐತ್ರಿ. ರಸಪುರಿ ಅಂದರೆ ಹೆಸರೇ ಹೇಳುತ್ತದೆ, ರಸ ಜಾಸ್ತಿ. ಹಿಂಡಿ ಕುಡಿಯಲು, ಸೀಕರಣೆಗೆ ಅದು ಬೆಸ್ಟ್. ಗಟ್ಟಿ ಸಿಹಿಗೆ ನಮ್ಮ ಧಾರವಾಡದ ಆಪೂಸು ಬೇಕು. ನಿಮ್ಮ ಕಡೆ ಬಾದಾಮಿ ಅನ್ನುವುದು ಇದನ್ನೇ. ತಿರುಳು ದಪ್ಪ, ನಾರಿಲ್ಲ. ಅದು ಸಿಗದಿದ್ದರೆ ಮಲ್ಲಿಕಾ ನೋಡಿ, ಆದರೆ ಅದನ್ನು ಸಿಪ್ಪೆ ಸ್ವಲ್ಪ ಸುಕ್ಕಾಗುವ ತನಕ ಇಡಬೇಕು. ಗಟ್ಟಿ ಇರುವಾಗ ಕೊಯ್ದರೆ ರುಚಿಯೇ ಇರುವುದಿಲ್ಲ.

ಮತ್ತೆ ಅಕ್ಕಾರಿಗೂ ಏನಾದರೂ ಮಾಡಿ ಕೊಡಿ ಸರ್, ಏಳು ವಾರ ಕೂತಲ್ಲೇ ಕೂತಾರ ಪಾಪ. ಶ್ರೀಖಂಡ ಮಾಡಿ. ಒಲೆ ಹಚ್ಚುವ ಕೆಲಸವೇ ಇಲ್ಲ. ಒಂದು ಲೀಟರ್ ಕೆನೆ ಹಾಲಿನ ಮೊಸರು, ಹುಳಿ ಬಂದಿರಬಾರದು. ಹಳೇ ಪಂಚೆ ಚೆನ್ನಾಗಿ ಒಗೆದು, ಅದರಲ್ಲಿ ಕಟ್ಟಿ, ಜರಡಿ ಮೇಲಿಟ್ಟು, ಕೆಳಗೆ ಪಾತ್ರೆ ಇಟ್ಟು ರಾತ್ರಿ ಫ್ರಿಜ್‌ನಲ್ಲಿ ಬಿಡಿ. ನಲ್ಲಿಗೆ ನೇತು ಹಾಕಿದರೆ ಈ ಬೇಸಿಗೆಯಲ್ಲಿ ಬೆಳಿಗ್ಗೆಗೆ ಹುಳಿ. ಬೆಳಿಗ್ಗೆ ಗಂಟು ಬಿಚ್ಚಿದರೆ ಮೊಸರು ಬೆಣ್ಣೆಯ ಮುದ್ದೆ ಹಾಗೆ ಬಟ್ಟೆ ಬಿಟ್ಟು ಬರಬೇಕು. ಬಟ್ಟೆಗೆ ಮೆತ್ತಿಕೊಂಡರೆ ಇನ್ನೂ ನೀರಿದೆ. ಅದಕ್ಕೆ ಪುಡಿ ಸಕ್ಕರೆ, ಏಲಕ್ಕಿ, ಒಂದು ಬಟ್ಟಲು ಮಾವಿನ ತಿರುಳು. ಕೈಯಲ್ಲೇ ಜರಡಿಗೆ ಉಜ್ಜಿ ಇಳಿಸಿ. ಮಿಕ್ಸಿಗೆ ಹಾಕಬೇಡ್ರಿ, ತೆಳ್ಳಗಾಗಿ ಲಸ್ಸಿ ಆಗ್ತದ.

ನಿಮ್ಮ ಹತ್ತಿರ ರಸಪುರಿಯೇ ಇದ್ದರೆ ಆ ರಸವನ್ನು ದಪ್ಪ ತಳದ ಬಾಣಲೆಯಲ್ಲಿ ಹತ್ತು ನಿಮಿಷ ಬತ್ತಿಸಿ, ಪೂರ್ತಿ ಆರಿಸಿ ಹಾಕಿ. ಸೋರಿದ ಮೊಸರಿನ ನೀರು ಚೆಲ್ಲಬೇಡಿ. ಚಪಾತಿ ಹಿಟ್ಟು ಕಲಸಿ, ಮೆತ್ತಗೆ ಬರುತ್ತವೆ.

ಕಡಲತಡಿ (ಶುಕ್ರವಾರ, ಮಧ್ಯಾಹ್ನ 1:15)

ತಾತ, ನಿಮ್ಮ ಶ್ಯಾವಿಗೆ ಕಥೆ ಓದಿ ಊಟದ ಹೊತ್ತಲ್ಲಿ ನಗು ಬಂತು ಮಾರಾಯ್ರೇ. ನಮ್ಮ ಉಡುಪಿ ಕಡೆ ಮಾವಿನ ರಸಾಯನಕ್ಕೆ ನಿಜವಾಗಿಯೂ ಒತ್ತು ಶ್ಯಾವಿಗೆಯೇ ಜೋಡಿ! ಹಣ್ಣಿನ ಹೋಳು, ಬೆಲ್ಲ, ದಪ್ಪ ಕಾಯಿಹಾಲು, ಏಲಕ್ಕಿ, ಒಂದು ಚಿಟಿಕೆ ಉಪ್ಪು. ಬೆಂಕಿ ತಾಗಿಸಲಿಕ್ಕಿಲ್ಲ. ಕಾಯಿಹಾಲು ಬೇಗ ಹಳಸುತ್ತದೆ, ಮಾಡಿದ ದಿನವೇ ಮುಗಿಸಬೇಕು.

ಪ್ಲೇನ್ ದೋಸೆ (ಶುಕ್ರವಾರ, ಸಂಜೆ 5:30)

ಮಾರಿ ಬಿಸ್ಕತ್ತು, ಕ್ರೀಮು, ಮಾವಿನ ಹಣ್ಣು ಪದರ ಪದರವಾಗಿ ಜೋಡಿಸಿದರೆ ಕೇಕ್ ಥರ ಇರುತ್ತೆ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯ ಸಣ್ಣ ಟೆಟ್ರಾ ಪ್ಯಾಕಿನ ಫ್ರೆಶ್ ಕ್ರೀಮ್ ಎಷ್ಟು ಕಡೆದರೂ ಉಬ್ಬುವುದಿಲ್ಲ. ಅದರಲ್ಲಿ ಕೊಬ್ಬು ಶೇ. 25ರ ಆಸುಪಾಸು. ಉಬ್ಬಲು ಶೇ. 30-35 ಆದರೂ ಬೇಕು. ನಾನು ನಲವತ್ತು ನಿಮಿಷ ಕಡೆದು ಕೈ ನೋಯಿಸಿಕೊಂಡಿದ್ದೇನೆ. ನೀವು ಪುಡ್ಡಿಂಗೇ ಮಾಡಿ.

ಒಂಟಿಕೊಪ್ಪಲ್ ತಾತ (ಭಾನುವಾರ, ರಾತ್ರಿ 8:55)

ಮೊಮ್ಮಗಳು ಈಗ ತಾನೇ ಮಲಗಿದಳು. ವರದಿ ಒಪ್ಪಿಸುತ್ತಿದ್ದೇನೆ.

ಮೊದಲು ಶುಕ್ರವಾರದ್ದು. ಮೇಷ್ಟ್ರು ಹೇಳಿದ ಹಾಗೆ ಎಳೆಗಳನ್ನು ಜಾಲರಿಯಲ್ಲಿ ಹಿಡಿದು ಮತ್ತೆ ಕುದಿಸಿದೆ. ಮೊದಲು ಏನೂ ಆಗಲಿಲ್ಲ. ಗುಳ್ಳೆ ಏಳುತ್ತಿದ್ದ ಹಾಗೆ ಒಂದೊಂದೇ ಎಳೆ ತೆಳ್ಳಗಾಗಿ ಮಾಯವಾಯಿತು. ಒಲೆ ಮುಂದೆ ನಿಂತು ಅದನ್ನೇ ನೋಡುತ್ತಿದ್ದೆ, ಪಕ್ಕದ ಒಲೆಯಲ್ಲಿ ಹಾಲು ಉಕ್ಕಿಹೋಯಿತು. ಆ ಪುಡ್ಡಿಂಗ್ ಗಟ್ಟಿಯಾಯಿತು, ಆದರೆ ರುಚಿ ಸಪ್ಪೆ. ನೀರು ಜಾಸ್ತಿಯಾಯಿತಲ್ಲ. ನಾವಿಬ್ಬರೇ ಖಾಲಿ ಮಾಡಿದೆವು. ನಾನು ಒಂದೇ ಚಮಚ, ಮನೆಯವಳು ಸಾಕ್ಷಿ.

ಶನಿವಾರ ಬಾದಾಮಿ ಹುಡುಕಿದೆ. ಮಾರ್ಕೆಟ್‌ನಲ್ಲಿ ಎರಡನೇ ಸಾಲಿನ ಹೆಂಗಸು ಹಣ್ಣನ್ನು ಮೂತಿ ಹತ್ತಿರ ಹಿಡಿದು ಮೂಸಲು ಹೇಳಿದರು. ಬಣ್ಣಕ್ಕೆ ಮರುಳಾಗಬೇಡಿ, ತೊಟ್ಟಿನ ಹತ್ತಿರ ವಾಸನೆ ಬಂದರೆ ಮಾತ್ರ ತಗೊಳ್ಳಿ ಅಂದರು. ನಾಲ್ಕು ತಂದೆ. ನಾಲ್ಕರಿಂದ ರಸ 300 ಎಂಎಲ್ ದಾಟಿ ಸ್ವಲ್ಪ ಉಳಿಯಿತು. ವಾಟೆಗಳನ್ನು ಚೀಪುವ ಕೆಲಸ ದಿವಾನದ ಕಡೆಗೆ ಹೋಯಿತು.

ಈ ಸಲ ಸೌಟನ್ನು ಕಿಟಕಿಯ ಬೆಳಕಿಗೆ ಹಿಡಿದು ಮೂರು ಸಲ ನೋಡಿದೆ. ರಸ ಹೊರಗೇ ಇತ್ತು. ಎಳೆ ಇಲ್ಲ, ಗಂಟಿಲ್ಲ. ತಟ್ಟೆಯ ಪರೀಕ್ಷೆಯಲ್ಲಿ ಚಮಚದಷ್ಟು ಹಳದಿ ಬಿಲ್ಲೆ ಬೆರಳು ತಾಗಿದ ಕೂಡಲೇ ಜಾರಿ ತಟ್ಟೆಯ ಅಂಚಿಗೆ ಹೋಗಿ ನಿಂತಿತು. ಹಾಲ್‌ಗೆ ಓಡಿ ತೋರಿಸಿದೆ. "ನಲವತ್ತು ವರ್ಷದಲ್ಲಿ ನನ್ನ ಯಾವ ಪಾಕಕ್ಕೂ ಹೀಗೆ ಓಡಿ ಬಂದಿಲ್ಲ" ಅಂದಳು. ಅದು ಹೊಗಳಿಕೆಯೋ ದೂರೋ ಗೊತ್ತಾಗಲಿಲ್ಲ.

ಅಚ್ಚು ಇರಲಿಲ್ಲ, ಕಾಫಿ ಲೋಟಗಳಿಗೇ ಹಾಕಿದೆ. ಒಳಗೆ ನೀರು ಸವರಿ ಹಾಕಿದ್ದರಿಂದ, ಅಂಚಿನಲ್ಲಿ ಚಾಕು ಆಡಿಸಿ ಬೋರಲು ಹಾಕಿದರೆ ಪಟ್ ಅಂತ ಬಂತು. ಮೊಮ್ಮಗಳು ಮೊದಲು ಚಮಚದಲ್ಲಿ ಅದರ ತಲೆ ತಟ್ಟಿ ಅಲುಗಾಡಿಸಿದಳು. ಎರಡು ಲೋಟದಷ್ಟು ತಿಂದಳು. ಮೂರನೆಯದಕ್ಕೆ ಅವಳ ಅಮ್ಮ ಬಿಡಲಿಲ್ಲ.

ಅಕ್ಕಾ, ಶ್ರೀಖಂಡವೂ ಆಯಿತು. ಪಂಚೆ ನನ್ನದೇ, ಮದುವೆಗೆ ಕೊಟ್ಟದ್ದು. ಮೊಸರು ಬಟ್ಟೆಯಿಂದ ಬಿಟ್ಟು ಬಂದ ಕ್ಷಣ ನೀವು ಹೇಳಿದ ಹಾಗೇ ಇತ್ತು. ಆದರೆ ಸಕ್ಕರೆ ಹಾಕಿ ಕಲಸಿದ ಮೇಲೆ ಸ್ವಲ್ಪ ತೆಳ್ಳಗಾಯಿತು, ಎರಡು ಗಂಟೆ ಫ್ರಿಜ್‌ನಲ್ಲಿಟ್ಟ ಮೇಲೆ ಸರಿಹೋಯಿತು. ಮನೆಯವಳು ಬಟ್ಟಲು ಕೆರೆದು ತಿಂದಳು, ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ಪಾಸು ಅಂತ ಅರ್ಥ.

ಈಗ ಡಬ್ಬಿಯಲ್ಲಿ ಇನ್ನೊಂದು ಪ್ಯಾಕೆಟ್ ಚೈನಾ ಗ್ರಾಸ್ ಇದೆ. ಹಿತ್ತಲಿನ ಪಕ್ಕದ ಮನೆಯವರು ಹಲಸಿನ ಹಣ್ಣು ಕೊಡುತ್ತೇನೆ ಅಂದಿದ್ದಾರೆ. ಮೇಷ್ಟ್ರೇ, ತೊಳೆ ರುಬ್ಬಿ ಹಾಕಿದರೆ ಇದೇ ಅಳತೆ ನಡೆಯುತ್ತಾ, ಇಲ್ಲ ಮೊದಲು ಬೇಯಿಸಬೇಕಾ?

ಕೆಮಿಸ್ಟ್ರಿ ಮೇಷ್ಟ್ರು (ಭಾನುವಾರ, ರಾತ್ರಿ 9:30)

ಬಕ್ಕೆ, ಅಂದರೆ ಗಟ್ಟಿ ತೊಳೆಯ ಹಣ್ಣಾದರೆ ಸ್ವಲ್ಪ ನೀರಿನಲ್ಲಿ ಬೇಯಿಸಿ ರುಬ್ಬಿ, ಇಲ್ಲದಿದ್ದರೆ ನಾರು ಬಾಯಿಗೆ ಸಿಗುತ್ತದೆ. ಹಾಲಿನ ಬದಲು ಕಾಯಿಹಾಲು ಹಾಕಿ. ಅಳತೆ ಅದೇ. ತಟ್ಟೆಯ ಪರೀಕ್ಷೆ ಮಾತ್ರ ಬಿಡಬೇಡಿ.